ಮುಖ್ಯ ಲೈನ್ ಬಿದ್ದಾಗ ಮಾತ್ರ ಬ್ಯಾಕಪ್‌ನಲ್ಲಿ ಅನೌನ್ಸ್: ಬಿಜಿಪಿಗೆ ಷರತ್ತು ಹಾಕುವುದು ಹೇಗೆ

ಘಟ್ಟದ ಮೇಲೊಂದು ರೌಟರ್, ಕೆಳಗೆ ಕರಾವಳಿಯಲ್ಲೊಂದು ರೌಟರ್ ಇಟ್ಟುಕೊಂಡು ಇಂಟರ್ನೆಟ್ ಕೊಡುವ ಸಣ್ಣ ಆಪರೇಟರ್‌ಗಳಿಗೆ ಈ ಬರಹ. ನಿಮ್ಮ ಹತ್ತಿರ ಸ್ವಂತ ಎಎಸ್ ನಂಬರ್ (ಇಂಟರ್ನೆಟ್‌ನಲ್ಲಿ ನಿಮ್ಮ ನೆಟ್‌ವರ್ಕಿನ ಗುರುತಿನ ಸಂಖ್ಯೆ) ಇದೆ, ಸ್ವಂತ ಐಪಿ ಬ್ಲಾಕ್ (ಐಪಿ ವಿಳಾಸಗಳ ಒಂದು ಗುಂಪು) ಇದೆ, ಎರಡು ಕಡೆಯಿಂದ ಬ್ಯಾಂಡ್‌ವಿಡ್ತ್ ತಗೊಂಡಿದ್ದೀರಿ. ಒಂದು ಲೈನ್ ದೊಡ್ಡದು, ಗಿಗಾಬಿಟ್ ಲೆಕ್ಕದಲ್ಲಿ ಅಗ್ಗ. ಇನ್ನೊಂದು ಸಣ್ಣದು, ದುಬಾರಿ, ಆಪತ್ತಿಗೆ ಇರಲಿ ಅಂತ ಹಾಕಿಸಿದ್ದು. ದೊಡ್ಡದು ಸರಿ ಇರುವಾಗ ಸಣ್ಣದರ ಮೇಲೆ ಟ್ರಾಫಿಕ್ ಬರಬಾರದು. ದೊಡ್ಡದು ಬಿದ್ದ ಕೂಡಲೇ, ಯಾರೂ ನಡುರಾತ್ರಿ ಎದ್ದು ಲಾಗಿನ್ ಆಗದೆ, ಎಲ್ಲವೂ ಸಣ್ಣದಕ್ಕೆ ತಾನೇ ತಿರುಗಬೇಕು.

ಇದಕ್ಕೆ ಬಿಜಿಪಿಯಲ್ಲಿ, ಅಂದರೆ ಯಾವ ಐಪಿ ಬ್ಲಾಕಿಗೆ ಯಾವ ದಾರಿ ಅಂತ ನೆಟ್‌ವರ್ಕುಗಳು ಒಂದಕ್ಕೊಂದು ಹೇಳಿಕೊಳ್ಳುವ ವಿಧಾನದಲ್ಲಿ, ಕಂಡೀಷನಲ್ ಅಡ್ವರ್ಟೈಸ್‌ಮೆಂಟ್ ಅಂತ ಒಂದು ಸೌಲಭ್ಯ ಇದೆ. ರೌಟರಿಗೆ ಎರಡು ಪಟ್ಟಿ ಕೊಡುತ್ತೀರಿ. ಮೊದಲನೆಯದು ಕಾಯುವ ಪಟ್ಟಿ: ಈ ರೂಟ್ (ಒಂದು ಬ್ಲಾಕಿಗೆ ಹೋಗುವ ದಾರಿ) ನನ್ನ ಟೇಬಲ್‌ನಲ್ಲಿ ಇದೆಯಾ ಇಲ್ವಾ ನೋಡು. ಎರಡನೆಯದು ಕಳಿಸುವ ಪಟ್ಟಿ: ಅದು ಕಾಣೆಯಾದರೆ ಈ ಬ್ಲಾಕುಗಳನ್ನು ಆ ನೈಬರಿಗೆ (ಲೈನಿನ ಆಚೆ ತುದಿಯ ರೌಟರಿಗೆ) ಅನೌನ್ಸ್ ಮಾಡು, ಅಂದರೆ ಇವಕ್ಕೆ ನನ್ನ ಮೂಲಕ ಬಾ ಅಂತ ಹೇಳು. ರೂಟ್ ವಾಪಸ್ ಬಂದರೆ ಅನೌನ್ಸ್‌ಮೆಂಟ್ ಹಿಂದೆ ತಗೋ. ಅಷ್ಟೇ.

ಕಮಾಂಡ್ ಒಂದೇ ಸಾಲಿನದ್ದು. ಆದರೆ ಎರಡು ವಿಷಯ ತಪ್ಪಿದರೆ ಇಡೀ ವ್ಯವಸ್ಥೆ ಬೇಡದ ಹೊತ್ತಿಗೆ ಕೈ ಕೊಡುತ್ತದೆ. ಯಾವ ರೂಟನ್ನು ಕಾಯಬೇಕು ಅನ್ನುವುದು ಒಂದು. ಕಳಿಸಬೇಕಾದ ಬ್ಲಾಕ್ ಯಾವ ರೌಟರಿನಲ್ಲಿ ಹುಟ್ಟಬೇಕು ಅನ್ನುವುದು ಇನ್ನೊಂದು. ಈ ಎರಡನೆಯದನ್ನು ಬಹಳ ಜನ ಯೋಚಿಸುವುದೇ ಇಲ್ಲ.

ನಕ್ಷೆ ಹೀಗಿದೆ ಅಂದುಕೊಳ್ಳಿ

ಶಿರಸಿಯಲ್ಲಿ ಒಂದು ರೌಟರ್. ಅದಕ್ಕೆ ಹುಬ್ಬಳ್ಳಿಯಿಂದ ಮುಂಡಗೋಡದ ಮೇಲೆ ಹತ್ತು ಗಿಗಾಬಿಟ್ ಮುಖ್ಯ ಲೈನ್ ಬರುತ್ತದೆ. ಆ ಪ್ರೊವೈಡರ್‌ನ ಎಎಸ್ ನಂಬರ್ 64500. ಕಾರವಾರದಲ್ಲಿ ಇನ್ನೊಂದು ರೌಟರ್. ಅದಕ್ಕೆ ಗೋವಾ ಕಡೆಯಿಂದ ಮಾಜಾಳಿ, ಸದಾಶಿವಗಡ ದಾಟಿ ಒಂದು ಗಿಗಾಬಿಟ್ ಬ್ಯಾಕಪ್ ಲೈನ್, ಎಎಸ್ 64501. ನಮ್ಮ ಎಎಸ್ 64496. ಶಿರಸಿ ಗ್ರಾಹಕರಿಗೆ 198.51.100.0/24 (/24 ಅಂದರೆ 256 ವಿಳಾಸಗಳ ಬ್ಲಾಕ್), ಕಾರವಾರ ಗ್ರಾಹಕರಿಗೆ 203.0.113.0/24. ಎರಡೂ ರೌಟರುಗಳ ನಡುವೆ ನಮ್ಮದೇ ಫೈಬರ್ ದೇವಿಮನೆ ಘಟ್ಟ ಇಳಿದು, ಕುಮಟಾ ಮುಟ್ಟಿ, ಅಂಕೋಲಾ ಮೇಲೆ ಕಾರವಾರಕ್ಕೆ ಹೋಗುತ್ತದೆ. ಅದರ ಮೇಲೆ ಐಬಿಜಿಪಿ (ನಮ್ಮದೇ ರೌಟರುಗಳ ನಡುವಿನ ಬಿಜಿಪಿ) ಓಡುತ್ತದೆ. ಈ ಐಪಿ ಮತ್ತು ಎಎಸ್ ನಂಬರುಗಳು ಉದಾಹರಣೆಗೆಂದೇ ಮೀಸಲಿಟ್ಟವು, ನಿಮ್ಮವನ್ನು ಹಾಕಿಕೊಳ್ಳಿ.

ಈ ನಕ್ಷೆಯಲ್ಲಿ ಯಾವುದು ಮೊದಲು ಮುರಿಯುತ್ತದೆ ಹೇಳಿ? ಫೈಬರ್ ರಸ್ತೆಯ ಬದಿಗೇ ಹೋಗುತ್ತದೆ, ರಸ್ತೆಗೆ ಆದದ್ದು ಅದಕ್ಕೂ ಆಗುತ್ತದೆ. 2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ರಾಷ್ಟ್ರೀಯ ಹೆದ್ದಾರಿ 66 ಬಂದಾಯಿತು. ಅದು ಸರಿಯಾಗಿ ಕುಮಟಾ ಮತ್ತು ಅಂಕೋಲಾ ನಡುವೆ, ಅಂದರೆ ನಮ್ಮ ಒಳಗಿನ ಲಿಂಕ್ ಹೋಗುವ ದಾರಿಯಲ್ಲೇ. ಅದೇ ವರ್ಷ ಆಗಸ್ಟ್ 7ರ ನಸುಕಿನಲ್ಲಿ ಕಾರವಾರದ ಹಳೇ ಕಾಳಿ ಸೇತುವೆ ನದಿಗೆ ಬಿತ್ತು. ಅದು ಗೋವಾ ಕಡೆಯ ದಾರಿ, ಅಂದರೆ ಬ್ಯಾಕಪ್ ಬರುವ ದಾರಿ. ಇದರ ಜೊತೆಗೆ ರಸ್ತೆ ಅಗಲ ಮಾಡುವ ಜೆಸಿಬಿಗಳು ಮಳೆಗಾಲ, ಬೇಸಿಗೆ ಅಂತ ನೋಡುವುದಿಲ್ಲ. ಹಾಗಾಗಿ "ಮುಖ್ಯ ಲೈನ್ ಬಿದ್ದರೆ" ಅಂತ ಒಂದನ್ನೇ ಯೋಚಿಸಿ ಕಾನ್ಫಿಗ್ ಬರೆದರೆ ಸಾಲದು. ಮುಖ್ಯ ಲೈನ್ ನೆಟ್ಟಗಿದ್ದು ನಡುವಿನ ಲಿಂಕ್ ಹೋದರೆ ಏನು ಅನ್ನುವುದು ನಮ್ಮ ಜಿಲ್ಲೆಯಲ್ಲಿ ಅದಕ್ಕಿಂತ ದೊಡ್ಡ ಪ್ರಶ್ನೆ.

ಪ್ರಿಪೆಂಡ್ ಮಾಡಿದರೆ ಸಾಲದಾ?

ಎಲ್ಲರೂ ಮೊದಲು ಕೇಳುವುದು ಇದನ್ನೇ. ಬ್ಯಾಕಪ್ ಕಡೆ ನಮ್ಮ ಎಎಸ್ ನಂಬರನ್ನು ನಾಲ್ಕೈದು ಸಲ ಸೇರಿಸಿ ಕಳಿಸಿದರೆ ದಾರಿ ಉದ್ದ ಕಾಣುತ್ತದೆ, ಯಾರೂ ಆ ಕಡೆ ಬರುವುದಿಲ್ಲ, ಅಲ್ವಾ? ಅರ್ಧ ನಿಜ. ಬಿಜಿಪಿ ಒಳ್ಳೇ ದಾರಿ ಆರಿಸುವಾಗ ಎಎಸ್ ದಾರಿಯ ಉದ್ದ ನೋಡುವ ಮೊದಲೇ ಲೋಕಲ್ ಪ್ರಿಫರೆನ್ಸ್ (ನೆಟ್‌ವರ್ಕ್ ತಾನೇ ಒಂದು ದಾರಿಗೆ ಕೊಟ್ಟ ಆದ್ಯತೆಯ ಅಂಕ) ನೋಡುತ್ತದೆ. ಹೆಚ್ಚಿನ ಪ್ರೊವೈಡರ್‌ಗಳು ದುಡ್ಡು ಕೊಡುವ ಗ್ರಾಹಕರಿಂದ ಬಂದ ರೂಟುಗಳಿಗೆ ಜಾಸ್ತಿ ಲೋಕಲ್ ಪ್ರಿಫರೆನ್ಸ್ ಕೊಡುತ್ತಾರೆ. ನೀವು ಅವರ ಗ್ರಾಹಕರು. ಹಾಗಾಗಿ ಬ್ಯಾಕಪ್ ಪ್ರೊವೈಡರ್‌ನ ನೆಟ್‌ವರ್ಕ್ ಒಳಗಿಂದ, ಅವರ ಇತರ ಗ್ರಾಹಕರಿಂದ, ಅವರಲ್ಲಿಟ್ಟಿರುವ ವಿಡಿಯೊ ಕ್ಯಾಶ್‌ಗಳಿಂದ ಬರುವ ಟ್ರಾಫಿಕ್ ನೀವು ಎಷ್ಟು ಸಲ ಪ್ರಿಪೆಂಡ್ ಮಾಡಿದರೂ ಆ ಒಂದು ಗಿಗಾಬಿಟ್ ಲೈನಿಗೇ ಬರುತ್ತದೆ. ಸಂಜೆ ಎಂಟು ಗಂಟೆಗೆ ಅದು ತುಂಬುತ್ತದೆ. ಮುಖ್ಯ ಲೈನ್ ಅರ್ಧ ಖಾಲಿ ಇದ್ದರೂ ಗ್ರಾಹಕರು ಫೋನ್ ಮಾಡುತ್ತಾರೆ.

ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ನಿಮ್ಮ ಬ್ಯಾಕಪ್ ಪ್ರೊವೈಡರ್ ಬಿಜಿಪಿ ಕಮ್ಯುನಿಟಿ (ರೂಟಿಗೆ ಅಂಟಿಸುವ ಗುರುತು) ಮೂಲಕ ಲೋಕಲ್ ಪ್ರಿಫರೆನ್ಸ್ ಇಳಿಸಲು ಬಿಡುತ್ತಾರಾ ಅಂತ ಮೊದಲು ಕೇಳಿ. ಈ ಪದ್ಧತಿ 1996ರಲ್ಲಿ ಬಂದ 1998ನೇ ನಂಬರಿನ ಆರ್‌ಎಫ್‌ಸಿಯಲ್ಲೇ (ಇಂಟರ್ನೆಟ್ ತಂತ್ರಜ್ಞಾನದ ದಾಖಲೆ) ಬರೆದಿಟ್ಟದ್ದು, ಹೊಸತೇನಲ್ಲ. ಬಿಡುತ್ತಾರೆ ಅಂದರೆ ಅದೇ ಒಳ್ಳೆಯದು. ಅನೌನ್ಸ್‌ಮೆಂಟ್ ಯಾವಾಗಲೂ ಇರುತ್ತದೆ, ಮುಖ್ಯ ದಾರಿ ಹೋದ ಕೂಡಲೇ ಟ್ರಾಫಿಕ್ ತಾನೇ ತಿರುಗುತ್ತದೆ, ಯಾವ ಟೈಮರಿಗೂ ಕಾಯಬೇಕಾಗಿಲ್ಲ. ಅವರ ಹತ್ತಿರ ಆ ಸೌಲಭ್ಯ ಇಲ್ಲದಿದ್ದರೆ, ಅಥವಾ ಬ್ಯಾಕಪ್ ಲೈನಿಗೆ ಬಳಸಿದಷ್ಟಕ್ಕೆ ಬಿಲ್ ಬರುತ್ತಿದ್ದರೆ, ಆಗ ಷರತ್ತಿನ ದಾರಿ ಹಿಡಿಯಿರಿ.

ಕಾರವಾರದ ರೌಟರಿನಲ್ಲಿ ಬರೆಯಬೇಕಾದ್ದು

ಷರತ್ತು ಯಾವಾಗಲೂ ಬ್ಯಾಕಪ್ ಲೈನ್ ಇರುವ ರೌಟರಿನಲ್ಲಿ ಇರಬೇಕು, ಯಾಕೆಂದರೆ ತಡೆಹಿಡಿಯುವ ಅನೌನ್ಸ್‌ಮೆಂಟ್ ಅಲ್ಲಿಂದಲೇ ಹೊರಡುವುದು. ನಾನು ಲಿನಕ್ಸ್ ಮೇಲೆ ಓಡುವ ಎಫ್‌ಆರ್‌ಆರ್ ರೂಟಿಂಗ್ ತಂತ್ರಾಂಶವನ್ನು ಇಟ್ಟುಕೊಂಡು ಹೇಳುತ್ತೇನೆ. ಅದು ಉಚಿತ, ಸಾದಾ ಸರ್ವರ್ ಮೇಲೂ ನಡೆಯುತ್ತದೆ. ಕಮಾಂಡುಗಳನ್ನು ಉಚ್ಚಾರದ ಹಾಗೆ ಕನ್ನಡದಲ್ಲೇ ಬರೆದಿದ್ದೇನೆ, ರೌಟರಿನಲ್ಲಿ ಇಂಗ್ಲಿಷ್ ಅಕ್ಷರದಲ್ಲೇ ಹೊಡೆಯಿರಿ. ದೂರ, ನಮ್ಮದು, ಹುಬ್ಬಳ್ಳಿ, ಇದೆಯಾ, ಕಳಿಸು, ಬರಲಿ ಇವೆಲ್ಲ ನಾನು ಇಟ್ಟ ಹೆಸರುಗಳು. 192.0.2.9 ಅನ್ನುವುದು ಗೋವಾ ಕಡೆಯ ಪ್ರೊವೈಡರ್ ರೌಟರ್.

ಐಪಿ ಪ್ರಿಫಿಕ್ಸ್-ಲಿಸ್ಟ್ ದೂರ ಸೀಕ್ 5 ಪರ್ಮಿಟ್ 193.0.14.0/24
ಐಪಿ ಪ್ರಿಫಿಕ್ಸ್-ಲಿಸ್ಟ್ ದೂರ ಸೀಕ್ 10 ಪರ್ಮಿಟ್ 192.5.5.0/24
ಐಪಿ ಪ್ರಿಫಿಕ್ಸ್-ಲಿಸ್ಟ್ ನಮ್ಮದು ಸೀಕ್ 5 ಪರ್ಮಿಟ್ 198.51.100.0/24
ಐಪಿ ಪ್ರಿಫಿಕ್ಸ್-ಲಿಸ್ಟ್ ನಮ್ಮದು ಸೀಕ್ 10 ಪರ್ಮಿಟ್ 203.0.113.0/24
ಬಿಜಿಪಿ ಎಎಸ್-ಪಾತ್ ಆಕ್ಸೆಸ್-ಲಿಸ್ಟ್ ಹುಬ್ಬಳ್ಳಿ ಪರ್ಮಿಟ್ ^64500_

ರೂಟ್-ಮ್ಯಾಪ್ ಇದೆಯಾ ಪರ್ಮಿಟ್ 10
ಮ್ಯಾಚ್ ಐಪಿ ಅಡ್ರೆಸ್ ಪ್ರಿಫಿಕ್ಸ್-ಲಿಸ್ಟ್ ದೂರ
ಮ್ಯಾಚ್ ಎಎಸ್-ಪಾತ್ ಹುಬ್ಬಳ್ಳಿ

ರೂಟ್-ಮ್ಯಾಪ್ ಕಳಿಸು ಪರ್ಮಿಟ್ 10
ಮ್ಯಾಚ್ ಐಪಿ ಅಡ್ರೆಸ್ ಪ್ರಿಫಿಕ್ಸ್-ಲಿಸ್ಟ್ ನಮ್ಮದು

ರೌಟರ್ ಬಿಜಿಪಿ 64496
ಬಿಜಿಪಿ ಕಂಡೀಷನಲ್-ಅಡ್ವರ್ಟೈಸ್‌ಮೆಂಟ್ ಟೈಮರ್ 20
ನೈಬರ್ 192.0.2.9 ರಿಮೋಟ್-ಎಎಸ್ 64501
ಅಡ್ರೆಸ್-ಫ್ಯಾಮಿಲಿ ಐಪಿವಿ4 ಯುನಿಕಾಸ್ಟ್
ನೆಟ್‌ವರ್ಕ್ 203.0.113.0/24
ನೈಬರ್ 192.0.2.9 ಪ್ರಿಫಿಕ್ಸ್-ಲಿಸ್ಟ್ ಬರಲಿ ಇನ್
ನೈಬರ್ 192.0.2.9 ಪ್ರಿಫಿಕ್ಸ್-ಲಿಸ್ಟ್ ನಮ್ಮದು ಔಟ್
ನೈಬರ್ 192.0.2.9 ಅಡ್ವರ್ಟೈಸ್-ಮ್ಯಾಪ್ ಕಳಿಸು ನಾನ್-ಎಕ್ಸಿಸ್ಟ್-ಮ್ಯಾಪ್ ಇದೆಯಾ

ಕೊನೆಯ ಸಾಲೇ ಎಲ್ಲ ಕೆಲಸ ಮಾಡುವುದು. "ಇದೆಯಾ" ಪಟ್ಟಿಗೆ ಹೊಂದುವ ಒಂದು ರೂಟೂ ಟೇಬಲ್‌ನಲ್ಲಿ ಇಲ್ಲದಿದ್ದರೆ ಮಾತ್ರ "ಕಳಿಸು" ಪಟ್ಟಿಯದ್ದು ಹೊರಡುತ್ತದೆ. ನಾನ್-ಎಕ್ಸಿಸ್ಟ್ ಬದಲು ಎಕ್ಸಿಸ್ಟ್-ಮ್ಯಾಪ್ ಹಾಕಿದರೆ ಉಲ್ಟಾ: ಇದ್ದರೆ ಕಳಿಸು, ಇಲ್ಲದಿದ್ದರೆ ಬೇಡ. ಕಳಿಸುವ ಪಟ್ಟಿಯಲ್ಲಿ ಇಲ್ಲದ ರೂಟುಗಳಿಗೆ ಈ ಷರತ್ತು ತಗಲುವುದಿಲ್ಲ, ಅವು ಮಾಮೂಲಿ ಹಾಗೆ ಹೊರಟುಬಿಡುತ್ತವೆ. ಅದಕ್ಕೇ ಹೊರಹೋಗುವ ಕಡೆ "ನಮ್ಮದು" ಪಟ್ಟಿಯನ್ನೂ ಕಟ್ಟಿದ್ದು. ಅದು ಇಲ್ಲದಿದ್ದರೆ ಹುಬ್ಬಳ್ಳಿಯಿಂದ ಕಲಿತ ರೂಟುಗಳು ಗೋವಾ ಕಡೆ ಸೋರಿ, ಎರಡು ದೊಡ್ಡ ಪ್ರೊವೈಡರ್‌ಗಳ ನಡುವಿನ ಟ್ರಾಫಿಕ್ ನಿಮ್ಮ ಮೂಲಕ ಹರಿಯಬಹುದು. ಇದನ್ನು ದಯವಿಟ್ಟು ಬಿಡಬೇಡಿ.

ಒಳಬರುವ ಫಿಲ್ಟರ್ ಕೂಡ ಬೇಕೇ ಬೇಕು. ಎಫ್‌ಆರ್‌ಆರ್ 2017ರ ಆರ್‌ಎಫ್‌ಸಿ 8212ರ ಪ್ರಕಾರ ನಡೆಯುತ್ತದೆ. ಹೊರಗಿನ ನೈಬರಿಗೆ ಫಿಲ್ಟರ್ ಬರೆಯದಿದ್ದರೆ ಒಂದು ರೂಟನ್ನೂ ತಗೊಳ್ಳುವುದಿಲ್ಲ, ಕೊಡುವುದೂ ಇಲ್ಲ. ಸಮ್ಮರಿಯಲ್ಲಿ ಸೆಷನ್ ಮೇಲೆದ್ದಿದ್ದರೂ ಪಾಲಿಸಿ ಅಂತ ತೋರಿಸಿದರೆ ಇದೇ ಕಾರಣ. "ಬರಲಿ" ಪಟ್ಟಿಯನ್ನು ನಾನಿಲ್ಲಿ ಬಿಡಿಸಿ ಬರೆದಿಲ್ಲ. ನಿಮ್ಮದೇ ಬ್ಲಾಕುಗಳನ್ನು ಮತ್ತು ಖಾಸಗಿ ಐಪಿಗಳನ್ನು ತಡೆದು ಉಳಿದದ್ದನ್ನು ಬಿಡಿ.

ಯಾವ ರೂಟನ್ನು ಕಾಯಬೇಕು

ಇಲ್ಲಿ ಸ್ವಲ್ಪ ನಿಧಾನ ಓದಿ.

ಡೀಫಾಲ್ಟ್ ರೂಟನ್ನು (ಬೇರೆ ದಾರಿ ಗೊತ್ತಿಲ್ಲದ್ದೆಲ್ಲ ಇಲ್ಲಿಗೆ ಕಳಿಸು ಅನ್ನುವ ರೂಟ್) ಕಾಯುವುದು ಎಲ್ಲಕ್ಕಿಂತ ಸುಲಭ, ಎಲ್ಲಕ್ಕಿಂತ ಕೆಟ್ಟದ್ದೂ ಹೌದು. ಹುಬ್ಬಳ್ಳಿಯಲ್ಲಿರುವ ಪ್ರೊವೈಡರ್ ರೌಟರ್ ನಿಮಗೆ ಡೀಫಾಲ್ಟ್ ಕೊಡುತ್ತಿದೆ. ಹುಬ್ಬಳ್ಳಿಯಿಂದ ಬೆಂಗಳೂರಿಗೆ ಹೋಗುವ ಅವರ ಲೈನ್ ಕಟ್ ಆಯಿತು ಅಂದುಕೊಳ್ಳಿ. ಹುಬ್ಬಳ್ಳಿ ರೌಟರಿಗೆ ಏನೂ ಆಗಿಲ್ಲ, ಅದು ಸುಮ್ನೆ ಡೀಫಾಲ್ಟ್ ಕೊಡುತ್ತಲೇ ಇರಬಹುದು. ದೇವಿಮನೆಯಲ್ಲಿ ಮಣ್ಣು ಕುಸಿದು ಬಸ್ಸು ಮುಂದೆ ಹೋಗದಿದ್ದರೂ ಶಿರಸಿ ಸ್ಟ್ಯಾಂಡಿನಲ್ಲಿ ಕುಮಟಾ ಬೋರ್ಡು ಹಾಕಿಕೊಂಡೇ ನಿಂತಿರುತ್ತದಲ್ಲ, ಹಾಗೆ. ನಿಮ್ಮ ಷರತ್ತಿಗೆ ಎಲ್ಲ ಸರಿ ಕಾಣುತ್ತದೆ, ಗ್ರಾಹಕರಿಗೆ ಏನೂ ತೆರೆಯುವುದಿಲ್ಲ.

ಹಾಗಾಗಿ ದೂರದ್ದೊಂದು ರೂಟ್ ಬೇಕು, ಪ್ರೊವೈಡರ್‌ನ ಒಳಗೆ ಹುಟ್ಟಿದ್ದಲ್ಲ, ಅವರ ಆಚೆಯಿಂದ ಬಂದದ್ದು. ಮೇಲಿನ ಉದಾಹರಣೆಯಲ್ಲಿ ಡಿಎನ್‌ಎಸ್‌ನ (ಸೈಟಿನ ಹೆಸರಿಗೆ ಐಪಿ ವಿಳಾಸ ಹುಡುಕಿಕೊಡುವ ವ್ಯವಸ್ಥೆಯ) ಮೂಲ ಸರ್ವರುಗಳ ಎರಡು ಬ್ಲಾಕ್ ಹಾಕಿದ್ದೇನೆ. 193.0.14.0/24 ಕೆ ಸರ್ವರಿನದ್ದು, 192.5.5.0/24 ಎಫ್ ಸರ್ವರಿನದ್ದು. ಇವು ವರ್ಷಗಟ್ಟಲೆ ಬದಲಾಗುವುದಿಲ್ಲ, ಇವನ್ನು ನಡೆಸುವವರು ಇವು ಬೀಳದ ಹಾಗೆ ನೋಡಿಕೊಳ್ಳುತ್ತಾರೆ. ಇವು ಎನಿಕಾಸ್ಟ್, ಅಂದರೆ ಒಂದೇ ಬ್ಲಾಕನ್ನು ಹಲವು ದೇಶಗಳಿಂದ, ಭಾರತದಿಂದಲೂ, ಅನೌನ್ಸ್ ಮಾಡುತ್ತಾರೆ. ಹಾಗಾಗಿ ಈ ರೂಟ್ ಇದೆ ಅಂದಮಾತ್ರಕ್ಕೆ ವಿದೇಶದ ದಾರಿಯೂ ಸರಿ ಇದೆ ಅಂತಲ್ಲ. ಆದರೆ ನಮಗೆ ಬೇಕಾದ್ದು ಹುಬ್ಬಳ್ಳಿಯಿಂದ ಆಚೆಗೆ ದಾರಿ ಇದೆಯಾ ಅನ್ನುವುದು, ಅದನ್ನು ಇವು ಚೆನ್ನಾಗಿ ಹೇಳುತ್ತವೆ.

ಒಂದೇ ರೂಟನ್ನು ನಂಬಬೇಡಿ. ಎರಡು ಅಥವಾ ಮೂರು ಇಡಿ. ಪಟ್ಟಿಯಲ್ಲಿರುವ ಎಲ್ಲವೂ ಕಾಣೆಯಾದಾಗ ಮಾತ್ರ ಷರತ್ತು ಬದಲಾಗುವುದರಿಂದ, ಯಾರೋ ದೂರದಲ್ಲಿ ತಮ್ಮ ಒಂದು ಬ್ಲಾಕ್‌ಗೆ ಏನೋ ಮಾಡಿದರೆ ನಿಮ್ಮ ಟ್ರಾಫಿಕ್ ಹೊರಳುವುದಿಲ್ಲ. ಒಬ್ಬರದ್ದೇ ಎರಡು ಬ್ಲಾಕ್ ಬೇಡ, ಬೇರೆ ಬೇರೆ ಸಂಸ್ಥೆಯವು ಇರಲಿ. ಇನ್ನೊಂದು: ಯುರೋಪಿನ ರೈಪ್ ಸಂಸ್ಥೆ ಸಂಶೋಧನೆಗಾಗಿ ಬೀಕನ್ ಅಂತ ಕೆಲವು ಬ್ಲಾಕುಗಳನ್ನು ಎರಡು ಗಂಟೆ ಅನೌನ್ಸ್ ಮಾಡಿ ಎರಡು ಗಂಟೆ ಹಿಂದೆ ತಗೊಳ್ಳುತ್ತದೆ. ಕಣ್ಣುಮುಚ್ಚಿ ಯಾವುದೋ ಬ್ಲಾಕ್ ಆರಿಸಿ ಅಂಥದ್ದು ಸಿಕ್ಕಿಬಿಟ್ಟರೆ ಕಥೆ ಮುಗಿಯಿತು.

ಈಗ ಎಎಸ್-ಪಾತ್ ಸಾಲು ಯಾಕೆ ಅಂತ ನೋಡಿ. 193.0.14.0/24 ಹುಬ್ಬಳ್ಳಿ ಕಡೆಯಿಂದಲೂ ಬರುತ್ತದೆ, ಗೋವಾ ಕಡೆಯಿಂದಲೂ ಬರುತ್ತದೆ. ಬ್ಲಾಕ್ ಒಂದನ್ನೇ ನೋಡಿದರೆ ಹುಬ್ಬಳ್ಳಿ ಸತ್ತರೂ ಗೋವಾದ್ದು ಟೇಬಲ್‌ನಲ್ಲಿ ಇದ್ದೇ ಇರುತ್ತದೆ, ಷರತ್ತು ಯಾವತ್ತೂ ಬದಲಾಗುವುದಿಲ್ಲ. ಅದಕ್ಕೇ "64500ರಿಂದ ಶುರುವಾಗುವ ದಾರಿಯಲ್ಲಿ ಬಂದಿದ್ದರೆ ಮಾತ್ರ" ಅಂತ ಸೇರಿಸಿದ್ದು. ಐಬಿಜಿಪಿ ದಾರಿಗೆ ನಮ್ಮ ನಂಬರ್ ಸೇರಿಸುವುದಿಲ್ಲ, ಹಾಗಾಗಿ ಶಿರಸಿಯಿಂದ ಕಾರವಾರಕ್ಕೆ ಬಂದಮೇಲೂ ಮೊದಲ ನಂಬರ್ 64500 ಆಗಿಯೇ ಉಳಿಯುತ್ತದೆ.

ಶಿರಸಿ ಕಡೆಯೂ ಎರಡು ಸಾಲು ಬೇಕು

ಶಿರಸಿ ರೌಟರ್ ಐಬಿಜಿಪಿಯಲ್ಲಿ ತನ್ನ ಅತ್ಯುತ್ತಮ ದಾರಿಯನ್ನು ಮಾತ್ರ ಕಾರವಾರಕ್ಕೆ ಹೇಳುತ್ತದೆ. ಗೋವಾ ಕಡೆಯ ದಾರಿ ಎಎಸ್ ಲೆಕ್ಕದಲ್ಲಿ ಒಂದು ಹೆಜ್ಜೆ ಚಿಕ್ಕದಿದ್ದರೆ ಶಿರಸಿ ಅದನ್ನೇ ಒಳ್ಳೆಯದು ಅಂದುಕೊಳ್ಳಬಹುದು. ಆಗ ಹುಬ್ಬಳ್ಳಿಯಿಂದ ಬಂದದ್ದನ್ನು ಕಾರವಾರಕ್ಕೆ ಹೇಳುವುದೇ ಇಲ್ಲ. ಮುಖ್ಯ ಲೈನ್ ಕಲ್ಲಿನಂತೆ ಇದ್ದರೂ ಕಾರವಾರದ ಪಾಲಿಗೆ ಅದು ಬಿದ್ದ ಹಾಗೆ, ಅನೌನ್ಸ್‌ಮೆಂಟ್ ಹೊರಟುಬಿಡುತ್ತದೆ. ಇದನ್ನು ತಪ್ಪಿಸಲು ಶಿರಸಿಯಲ್ಲಿ 64500ರಿಂದ ಬರುವ ಎಲ್ಲಕ್ಕೂ ಒಳಬರುವ ರೂಟ್-ಮ್ಯಾಪ್‌ನಲ್ಲಿ ಸೆಟ್ ಲೋಕಲ್-ಪ್ರಿಫರೆನ್ಸ್ 200 ಕೊಡಿ. ಮಾಮೂಲಿ ಬೆಲೆ 100, ಹಾಗಾಗಿ ಗೋವಾದ್ದು ಹಿಂದೆ ಬೀಳುತ್ತದೆ. ಜೊತೆಗೆ ಎರಡೂ ರೌಟರಿನ ಐಬಿಜಿಪಿ ನೈಬರಿಗೆ ನೆಕ್ಸ್ಟ್-ಹಾಪ್-ಸೆಲ್ಫ್ (ಹೊರಗಿನ ಈ ದಾರಿಗೆ ನನ್ನ ಮೂಲಕ ಬಾ ಅಂತ ಹೇಳುವ ಸಾಲು) ಹಾಕಿ.

ಹೊರಹೋಗುವ ಟ್ರಾಫಿಕ್ ಮಾತೂ ಇಲ್ಲೇ ಬರುತ್ತದೆ. ಷರತ್ತಿನ ಅನೌನ್ಸ್‌ಮೆಂಟ್ ತಿರುಗಿಸುವುದು ಒಳಬರುವ ಟ್ರಾಫಿಕ್ಕನ್ನು ಮಾತ್ರ. ಹೊರಹೋಗುವುದು ಈ ಲೋಕಲ್ ಪ್ರಿಫರೆನ್ಸ್ ಹೇಳಿದ ಕಡೆ ಹೋಗುತ್ತದೆ. ಮುಖ್ಯ ಪ್ರೊವೈಡರ್‌ನಿಂದ ಬರೀ ಡೀಫಾಲ್ಟ್ ತಗೊಂಡಿದ್ದರೆ, ಅವರ ಬೆಂಗಳೂರು ಲೈನ್ ಕಟ್ ಆದ ದಿನ ಬರುವುದು ಕಾರವಾರದಿಂದ ಬಂದೀತು, ಹೋಗುವುದು ಹುಬ್ಬಳ್ಳಿಯ ಸತ್ತ ದಾರಿಗೇ ಹೋಗುತ್ತದೆ. ಆದ್ದರಿಂದ ಅವರಿಂದ ಪೂರ್ತಿ ಟೇಬಲ್ (ಇಂಟರ್ನೆಟ್ಟಿನ ಎಲ್ಲ ರೂಟುಗಳು) ಕೇಳಿ, ಡೀಫಾಲ್ಟ್ ಬೇಡ ಅನ್ನಿ. ಐಪಿವಿ4 ಪೂರ್ತಿ ಟೇಬಲ್ ಈಗ ಸುಮಾರು ಹತ್ತು ಲಕ್ಷ ರೂಟ್. ಲಿನಕ್ಸ್ ಸರ್ವರಿಗೆ ಅದು ದೊಡ್ಡ ಭಾರ ಅಲ್ಲ. ಹಳೇ ಸಣ್ಣ ರೌಟರುಗಳಿಗೆ ಭಾರ, ಕೊಳ್ಳುವ ಮೊದಲು ನೋಡಿ.

ಒಳಗಿನ ಲಿಂಕ್ ಹೋದರೆ

ಶಿರೂರಿನಂಥದ್ದೇನೋ ಆಯಿತು. ಶಿರಸಿ ಸರಿ ಇದೆ, ಹುಬ್ಬಳ್ಳಿ ಲೈನ್ ಸರಿ ಇದೆ, ಕಾರವಾರವೂ ಸರಿ ಇದೆ, ಗೋವಾ ಲೈನೂ ಸರಿ ಇದೆ. ನಡುವಿನ ಫೈಬರ್ ಮಾತ್ರ ಇಲ್ಲ.

ಐಬಿಜಿಪಿ ಬೀಳುತ್ತದೆ. ಕಾರವಾರದ ಟೇಬಲ್‌ನಿಂದ 64500ರ ರೂಟುಗಳೆಲ್ಲ ಹೋಗುತ್ತವೆ. ಅದಕ್ಕೆ ಮುಖ್ಯ ಲೈನ್ ಬಿದ್ದದ್ದಕ್ಕೂ ಇದಕ್ಕೂ ವ್ಯತ್ಯಾಸ ಗೊತ್ತಾಗುವುದಿಲ್ಲ. ಷರತ್ತು ಬದಲಾಗಿ ಕಳಿಸುವ ಪಟ್ಟಿ ಜೀವಂತವಾಗುತ್ತದೆ.

ಈಗ ಪ್ರಶ್ನೆ, ಶಿರಸಿಯ 198.51.100.0/24 ಕಾರವಾರದಿಂದ ಹೊರಡುತ್ತದಾ? ಯಾರಾದರೂ "ಗಟ್ಟಿ ಇರಲಿ" ಅಂತ ಕಾರವಾರದಲ್ಲೂ ಆ ಬ್ಲಾಕಿಗೆ ಬ್ಲ್ಯಾಕ್‌ಹೋಲ್ ಸ್ಟ್ಯಾಟಿಕ್ (ಬಂದದ್ದನ್ನು ಬಿಸಾಡುವ, ಕೈಯಾರೆ ಬರೆದ ರೂಟ್) ಮತ್ತು ನೆಟ್‌ವರ್ಕ್ ಸಾಲು ಬರೆದಿದ್ದರೆ, ಹೌದು, ಹೊರಡುತ್ತದೆ. ಆಗ ಜಗತ್ತಿನ ಒಂದು ಭಾಗಕ್ಕೆ ಶಿರಸಿಯ ಬ್ಲಾಕ್ ಹುಬ್ಬಳ್ಳಿ ಕಡೆ ಕಾಣುತ್ತದೆ, ಇನ್ನೊಂದು ಭಾಗಕ್ಕೆ ಗೋವಾ ಕಡೆ ಕಾಣುತ್ತದೆ. ಗೋವಾ ಕಡೆಯಿಂದ ಬಂದ ಪ್ಯಾಕೆಟ್ ಕಾರವಾರ ಮುಟ್ಟುತ್ತದೆ. ಅಲ್ಲಿಂದ ಶಿರಸಿಗೆ ದಾರಿ ಇಲ್ಲ, ಬ್ಲ್ಯಾಕ್‌ಹೋಲ್‌ಗೆ ಬೀಳುತ್ತದೆ. ಶಿರಸಿಯ ಗ್ರಾಹಕರಿಗೆ ಅರ್ಧ ಸೈಟ್ ತೆರೆಯುತ್ತದೆ, ಅರ್ಧ ತೆರೆಯುವುದಿಲ್ಲ. ಶಿರಸಿಯ ಮುಖ್ಯ ಲೈನಿಗೆ ಏನೂ ಆಗಿಲ್ಲದೆಯೂ! ಇಂಥ ಅರ್ಧಂಬರ್ಧ ತೊಂದರೆ ಹುಡುಕುವುದು ಪೂರ್ತಿ ಬಿದ್ದದ್ದನ್ನು ಹುಡುಕುವುದಕ್ಕಿಂತ ಬಹಳ ಕಷ್ಟ.

ಮದ್ದು ಸರಳ. ಯಾವ ಊರಿನ ಬ್ಲಾಕ್ ಆ ಊರಿನ ರೌಟರಿನಲ್ಲಿ ಮಾತ್ರ ಹುಟ್ಟಬೇಕು. ಮೇಲಿನ ಕಾನ್ಫಿಗ್ ಇನ್ನೊಮ್ಮೆ ನೋಡಿ, ಕಾರವಾರದಲ್ಲಿ ನೆಟ್‌ವರ್ಕ್ ಸಾಲು 203.0.113.0/24ಕ್ಕೆ ಮಾತ್ರ ಇದೆ. ಶಿರಸಿಯ ಬ್ಲಾಕ್ ಕಾರವಾರಕ್ಕೆ ಐಬಿಜಿಪಿ ಮೂಲಕವೇ ಬರಬೇಕು. ಅಡ್ವರ್ಟೈಸ್-ಮ್ಯಾಪ್ ಟೇಬಲ್‌ನಲ್ಲಿ ಇರುವುದನ್ನು ಮಾತ್ರ ಕಳಿಸಬಲ್ಲದು, ಇಲ್ಲದ್ದನ್ನು ಹುಟ್ಟಿಸುವುದಿಲ್ಲ. ಹುಬ್ಬಳ್ಳಿ ಬಿದ್ದು ಒಳಗಿನ ಲಿಂಕ್ ಇದ್ದರೆ ಎರಡೂ ಬ್ಲಾಕ್ ಟೇಬಲ್‌ನಲ್ಲಿವೆ, ಎರಡೂ ಗೋವಾ ಕಡೆ ಹೊರಡುತ್ತವೆ. ಒಳಗಿನ ಲಿಂಕೇ ಹೋದರೆ ಶಿರಸಿಯ ಬ್ಲಾಕ್ ತಾನೇ ಮಾಯ, ಕಾರವಾರದ್ದೊಂದೇ ಹೊರಡುತ್ತದೆ. ಶಿರಸಿ ಕಡೆಯೂ ಹಾಗೇ: ಕಾರವಾರದ ಬ್ಲಾಕ್ ಅಲ್ಲಿ ಐಬಿಜಿಪಿಯಿಂದ ಕಲಿತದ್ದಾದ್ದರಿಂದ ಹುಬ್ಬಳ್ಳಿಗೆ ಕೊಟ್ಟ ಅನೌನ್ಸ್‌ಮೆಂಟ್ ಹಿಂದೆ ಬರುತ್ತದೆ. ಎರಡು ಊರು ತಮ್ಮ ತಮ್ಮ ಲೈನಿನಲ್ಲಿ ಬೇರೆ ಬೇರೆಯಾಗಿ ಬದುಕುತ್ತವೆ. ಒಂದು ಷರತ್ತು ಬರೆದು ಎರಡು ಷರತ್ತಿನ ಕೆಲಸ ಆಯಿತು.

ಇದಕ್ಕೆ ಎರಡೂ ಊರಿಗೆ ಬೇರೆ ಬೇರೆ /24 ಬೇಕು. ಐಪಿವಿ4ರಲ್ಲಿ ಅದಕ್ಕಿಂತ ಸಣ್ಣ ಬ್ಲಾಕನ್ನು ಹೊರಗಿನವರು ಸಾಮಾನ್ಯವಾಗಿ ತಗೊಳ್ಳುವುದಿಲ್ಲ. ಒಂದೇ /24 ಇದ್ದು ಎರಡು ಊರಿಗೆ ಹಂಚಿದ್ದರೆ ಈ ಉಪಾಯ ನಡೆಯುವುದಿಲ್ಲ. ಇನ್ನೊಂದು /24 ಸಂಪಾದಿಸಲು ಪ್ರಯತ್ನಪಡಿ, ನಿಜವಾಗಿ ಬೇಕಾದ ಖರ್ಚು ಅದು.

ಎಷ್ಟು ಹೊತ್ತು ಹಿಡಿಯುತ್ತದೆ

ಕೇಬಲ್ ರೂಮಿನಲ್ಲಿ ಮೀಡಿಯಾ ಕನ್ವರ್ಟರ್ ಇಟ್ಟಿರುತ್ತೀರಿ. ಮುಂಡಗೋಡದ ಹತ್ತಿರ ಫೈಬರ್ ಕಟ್ ಆದರೆ ಕನ್ವರ್ಟರಿನ ಫೈಬರ್ ಕಡೆ ದೀಪ ಆರುತ್ತದೆ. ರೌಟರ್ ಕಡೆಯ ತಾಮ್ರದ ಪೋರ್ಟಿನ ದೀಪ ಹಸಿರಾಗಿಯೇ ಉರಿಯುತ್ತಿರಬಹುದು. ರೌಟರಿಗೆ ಲೈನ್ ಹೋದದ್ದು ಗೊತ್ತಿಲ್ಲ. ಅದು ಬಿಜಿಪಿ ಹೋಲ್ಡ್ ಟೈಮರ್ ಮುಗಿಯುವವರೆಗೆ ಕಾಯುತ್ತದೆ, ಮಾಮೂಲಿ 180 ಸೆಕೆಂಡ್. ಅದಾದಮೇಲೆ ಷರತ್ತು ನೋಡುವ ಸ್ಕ್ಯಾನರ್ ಬರಬೇಕು, ಅದು ಮಾಮೂಲಿ 60 ಸೆಕೆಂಡಿಗೊಮ್ಮೆ. ಕೆಟ್ಟದ್ದೆಂದರೆ ನಾಲ್ಕು ನಿಮಿಷ, ಆಮೇಲೆ ಹೊರಗಿನ ಜಗತ್ತಿಗೆ ಸುದ್ದಿ ಹರಡಲು ಇನ್ನಷ್ಟು.

ಕಡಿಮೆ ಮಾಡಬೇಕಾದ್ದು ಮೊದಲು ಆ 180ನ್ನು. ಪ್ರೊವೈಡರ್ ಜೊತೆ ಮಾತಾಡಿ ಬಿಎಫ್‌ಡಿ (ಲಿಂಕ್ ಜೀವಂತ ಇದೆಯಾ ಅಂತ ಬೇಗ ಬೇಗ ನೋಡುತ್ತಿರುವ ವಿಧಾನ) ಹಾಕಿಸಿ, ಸೆಕೆಂಡಿನೊಳಗೆ ಗೊತ್ತಾಗುತ್ತದೆ. ಒಪ್ಪದಿದ್ದರೆ ಕೀಪ್‌ಅಲೈವ್ ಟೈಮರನ್ನು 10ಕ್ಕೆ, ಹೋಲ್ಡ್ ಟೈಮರನ್ನು 30 ಸೆಕೆಂಡಿಗೆ ಇಳಿಸಿ. ಒಳಗಿನ ಲಿಂಕಿಗೆ ಯಾರನ್ನೂ ಕೇಳಬೇಕಾಗಿಲ್ಲ, ಬಿಎಫ್‌ಡಿ ಹಾಕಿಯೇಬಿಡಿ. ಸ್ಕ್ಯಾನರನ್ನು ಎಫ್‌ಆರ್‌ಆರ್‌ನಲ್ಲಿ 5ರಿಂದ 240 ಸೆಕೆಂಡಿನವರೆಗೆ ಇಡಬಹುದು, ನಾನು ಮೇಲೆ 20 ಬರೆದಿದ್ದೇನೆ. 5 ಇಡಬೇಡಿ ಅನ್ನುತ್ತೇನೆ. ಮಳೆಗಾಲದಲ್ಲಿ ಲೈನ್ ಬರುವುದು ಹೋಗುವುದು ಇದ್ದದ್ದೇ. ಪ್ರತಿ ಸಲವೂ ನಿಮ್ಮ ಬ್ಲಾಕ್ ಜಗತ್ತಿಗೆಲ್ಲ ಕುಣಿದರೆ ಗ್ರಾಹಕರಿಗೆ ತೊಂದರೆ ಜಾಸ್ತಿಯೇ ಆಗುತ್ತದೆ. ಗ್ರೇಸ್‌ಫುಲ್ ರಿಸ್ಟಾರ್ಟ್ ಚಾಲೂ ಇದ್ದರೆ ಅದನ್ನೂ ನೋಡಿ. ಸೆಷನ್ ಬಿದ್ದರೂ ಹಳೇ ರೂಟುಗಳನ್ನು ಸ್ವಲ್ಪ ಹೊತ್ತು ಹಿಡಿದಿಡುವುದು ಅದರ ಕೆಲಸ, ಅಷ್ಟು ಹೊತ್ತು ನಿಮ್ಮ ಷರತ್ತೂ ಕಾಯುತ್ತದೆ.

ವಾಪಸ್ ಬರುವಾಗ ಇನ್ನೊಂದು ತೊಡಕು. ಹುಬ್ಬಳ್ಳಿ ಎದ್ದ ಕೂಡಲೇ ಮುಂದಿನ ಸ್ಕ್ಯಾನ್‌ಗೇ ಬ್ಯಾಕಪ್ ಅನೌನ್ಸ್‌ಮೆಂಟ್ ಹಿಂದೆ ಬರುತ್ತದೆ. ಮುಖ್ಯ ದಾರಿ ಇನ್ನೂ ಎಲ್ಲೆಡೆ ಹರಡಿರುವುದಿಲ್ಲ, ಹಾಗಾಗಿ ಸ್ವಲ್ಪ ಹೊತ್ತು ಕೆಲವರಿಗೆ ಎರಡೂ ಇಲ್ಲ. "ಎದ್ದ ಮೇಲೆ ಹತ್ತು ನಿಮಿಷ ಕಾದು ಆಮೇಲೆ ಹಿಂದೆ ತಗೋ" ಅನ್ನುವ ಟೈಮರ್ ಈ ಸೌಲಭ್ಯದಲ್ಲಿ ಇಲ್ಲ. ಫೈಬರ್ ತಂಡ ಇನ್ನೂ ಸ್ಪ್ಲೈಸ್ ಮಾಡುತ್ತಿದೆ, ಲೈನ್ ಬಂದು ಬಂದು ಹೋಗುತ್ತಿದೆ ಅಂದರೆ, ಶಿರಸಿಯಲ್ಲಿ 64500ರ ನೈಬರಿಗೆ ಕೈಯಾರೆ ಶಟ್‌ಡೌನ್ ಕೊಟ್ಟುಬಿಡಿ. ಎಲ್ಲರೂ ಬ್ಯಾಕಪ್ ಮೇಲೆ ನಿಧಾನವಾಗಿಯಾದರೂ ಸ್ಥಿರವಾಗಿ ಇರಲಿ. ಕೆಲಸ ಮುಗಿಯಿತು ಅಂತ ಫೋನ್ ಬಂದಮೇಲೆ ತೆಗೆಯಿರಿ.

ಹತ್ತು ಗಿಗಾಬಿಟ್‌ನದ್ದು ಒಂದು ಗಿಗಾಬಿಟ್‌ಗೆ ಸುರಿದರೆ ಅದು ತುಂಬಿ ಯಾರಿಗೂ ಇಲ್ಲದಂತೆ ಆಗಬಹುದು. ಕಳಿಸುವ ಪಟ್ಟಿಯಲ್ಲಿ ಎಲ್ಲ ಬ್ಲಾಕೂ ಇರಲೇಬೇಕು ಅಂತ ನಿಯಮ ಇಲ್ಲ. ಆಸ್ಪತ್ರೆ, ಬ್ಯಾಂಕ್, ಸೊಸೈಟಿ, ತಾಲೂಕು ಕಚೇರಿಗಳನ್ನು ಒಂದು /24ರಲ್ಲಿ ಕೂರಿಸಿ ಅದನ್ನು ಮಾತ್ರ ಬ್ಯಾಕಪ್‌ಗೆ ಕಳಿಸುವುದು ನನಗೆ ಸರಿ ಕಾಣುತ್ತದೆ.

ಮೇ ತಿಂಗಳಲ್ಲೇ ಪರೀಕ್ಷೆ ಮಾಡಿ

ಬ್ಯಾಕಪ್ ಪ್ರೊವೈಡರ್ ನಿಮ್ಮ ಬ್ಲಾಕನ್ನು ಇದುವರೆಗೆ ನೋಡಿಯೇ ಇಲ್ಲ. ಅವರ ಫಿಲ್ಟರಿನಲ್ಲಿ ಅದು ಇರದಿದ್ದರೆ ನೀವು ಅನೌನ್ಸ್ ಮಾಡಿದರೂ ಅವರು ಬಿಸಾಡುತ್ತಾರೆ. ಎರಡೂ ಬ್ಲಾಕುಗಳನ್ನು ಬರೆದು ಕಳಿಸಿ, ಫಿಲ್ಟರಿಗೆ ಹಾಕಿದ್ದೇವೆ ಅಂತ ಅವರಿಂದ ಬರಹದಲ್ಲಿ ಉತ್ತರ ತಗೊಳ್ಳಿ. ಆರ್‌ಪಿಕೆಐಯಲ್ಲಿ (ಯಾವ ಬ್ಲಾಕ್ ಯಾರದ್ದು ಅಂತ ಡಿಜಿಟಲ್ ಸಹಿಯಿಂದ ಖಾತ್ರಿ ಮಾಡುವ ವ್ಯವಸ್ಥೆ) ನಿಮ್ಮ ಬ್ಲಾಕಿಗೆ ನಿಮ್ಮ ಎಎಸ್ ಹೆಸರಿನ ಆರ್‌ಒಎ (ಈ ಬ್ಲಾಕನ್ನು ಈ ಎಎಸ್ ಅನೌನ್ಸ್ ಮಾಡಬಹುದು ಅನ್ನುವ ಪತ್ರ) ಇರಬೇಕು. ಹುಟ್ಟುವ ಎಎಸ್ ಎರಡೂ ದಾರಿಯಲ್ಲಿ ಒಂದೇ ಆದ್ದರಿಂದ ಒಂದು ಆರ್‌ಒಎ ಎರಡಕ್ಕೂ ಸಾಕು.

ಮಳೆ ಶುರುವಾಗುವ ಮೊದಲು, ಒಂದು ರಾತ್ರಿ ಎರಡು ಗಂಟೆಯ ಮೇಲೆ, ಗ್ರಾಹಕರಿಗೆ ಮೊದಲೇ ತಿಳಿಸಿ ಮಾಡಿ. ಕಾರವಾರದಲ್ಲಿ ಶೋ ಬಿಜಿಪಿ ಐಪಿವಿ4 ನೈಬರ್ಸ್ 192.0.2.9 ಹೊಡೆದರೆ ಕಂಡೀಷನ್-ಮ್ಯಾಪ್, ಅಡ್ವರ್ಟೈಸ್-ಮ್ಯಾಪ್ ಹೆಸರಿನ ಜೊತೆ ಸ್ಟೇಟಸ್ ವಿತ್‌ಡ್ರಾ ಅಂತ ಕಾಣಬೇಕು. ಈಗ ಶಿರಸಿಯಲ್ಲಿ ಮುಖ್ಯ ಸೆಷನ್ ಶಟ್‌ಡೌನ್ ಮಾಡಿ. ಸ್ಟೇಟಸ್ ಅಡ್ವರ್ಟೈಸ್ ಅಂತ ಬದಲಾಗಬೇಕು, ಅಡ್ವರ್ಟೈಸ್ಡ್-ರೂಟ್ಸ್‌ನಲ್ಲಿ ಎರಡೂ ಬ್ಲಾಕ್ ಇರಬೇಕು. ನಿಮ್ಮ ರೌಟರ್ ಹೇಳಿದ್ದನ್ನಷ್ಟೇ ನಂಬಬೇಡಿ. ರೈಪ್‌ಸ್ಟಾಟ್ ಅಥವಾ ಒರೆಗಾನ್ ವಿಶ್ವವಿದ್ಯಾಲಯದ ರೂಟ್‌ವ್ಯೂಸ್‌ನಲ್ಲಿ ಹೊರಗಿನಿಂದ ನೋಡಿ, ದಾರಿಯಲ್ಲಿ 64501 ಕಾಣಬೇಕು.

ಅದನ್ನು ಎಬ್ಬಿಸಿ, ಎರಡನೇ ಪರೀಕ್ಷೆ. ಒಳಗಿನ ಲಿಂಕಿನ ಪೋರ್ಟ್ ಇಳಿಸಿ. ಈ ಸಲ ಗೋವಾ ಕಡೆ ಕಾರವಾರದ ಬ್ಲಾಕ್ ಮಾತ್ರ ಹೋಗಬೇಕು. ಶಿರಸಿಯದ್ದೂ ಹೋದರೆ ಎಲ್ಲೋ ಒಂದು ನೆಟ್‌ವರ್ಕ್ ಸಾಲು ಉಳಿದಿದೆ, ಹುಡುಕಿ ತೆಗೆಯಿರಿ. ಪೋರ್ಟ್ ಇಳಿಸುವ ಮೊದಲು ಕಾರವಾರ ರೌಟರಿಗೆ ಬೇರೆ ದಾರಿಯಿಂದ ಲಾಗಿನ್ ಆಗುವ ವ್ಯವಸ್ಥೆ ಇದೆಯಾ ಖಾತ್ರಿ ಮಾಡಿಕೊಳ್ಳಿ, ಇಲ್ಲದಿದ್ದರೆ ರಾತ್ರೋರಾತ್ರಿ ಘಟ್ಟ ಇಳಿಯಬೇಕಾಗುತ್ತದೆ. ಮೂರನೆಯದು, ಮುಖ್ಯ ಸೆಷನ್ ಹಾಗೇ ಬಿಟ್ಟು, ಶಿರಸಿಯ ಒಳಬರುವ ಫಿಲ್ಟರಿನಲ್ಲಿ ಕಾಯುವ ಎರಡು ರೂಟುಗಳನ್ನು ಮಾತ್ರ ತಡೆಯಿರಿ. ಹುಬ್ಬಳ್ಳಿಯ ಆಚೆ ಕಟ್ ಆದಾಗ ಷರತ್ತು ಬದಲಾಗುತ್ತದಾ ಅನ್ನುವುದು ಇದರಿಂದ ಗೊತ್ತಾಗುತ್ತದೆ. ಏನಾದರೂ ವಿಚಿತ್ರ ಕಂಡರೆ ಡೀಬಗ್ ಬಿಜಿಪಿ ಕಂಡೀಷನಲ್-ಅಡ್ವರ್ಟೈಸ್‌ಮೆಂಟ್ ಹಾಕಿ ಲಾಗ್ ನೋಡಿ.

ಸಿಸ್ಕೊ ಐಒಎಸ್‌ನಲ್ಲೂ ಕೊನೆಯ ಸಾಲು ಹೀಗೇ ಇರುತ್ತದೆ, ಸ್ಕ್ಯಾನರ್ 60 ಸೆಕೆಂಡಿನದ್ದು. ಅಲ್ಲಿ ಕಾಯುವ ಪಟ್ಟಿಯ ಬ್ಲಾಕ್ ಟೇಬಲ್‌ನಲ್ಲಿ ಇರುವ ಹಾಗೇ, ಮಾಸ್ಕ್ ಸಮೇತ ಹೊಂದಬೇಕು, ಶ್ರೇಣಿ ಕೊಡಬೇಡಿ. ಜುನಿಪರ್‌ನಲ್ಲಿ ಪಾಲಿಸಿಯೊಳಗೆ ಕಂಡೀಷನ್ ಮಾಡಿ ಇಫ್-ರೂಟ್-ಎಕ್ಸಿಸ್ಟ್ಸ್ ಅಂತ ಬರೆಯುತ್ತಾರೆ. ಯೋಚನೆ ಅದೇ, ಬರೆಯುವ ಬಗೆ ಬೇರೆ.

ಐಪಿವಿ6 ಇದ್ದರೆ ಇದನ್ನೆಲ್ಲ ಅದರ ಅಡ್ರೆಸ್-ಫ್ಯಾಮಿಲಿಯಲ್ಲಿ ಬೇರೆಯಾಗಿ ಬರೆಯಬೇಕು, ಐಪಿವಿ4ಕ್ಕೆ ಹಾಕಿದ ಷರತ್ತು ಅದಕ್ಕೆ ತಗಲುವುದಿಲ್ಲ. ಊರಿಗೊಂದು /48 ಸಾಕು. ಈಗಿನ ಫೋನುಗಳು ಎರಡೂ ಇದ್ದರೆ ಮೊದಲು ಐಪಿವಿ6 ಪ್ರಯತ್ನಿಸಿ, ಆಗದಿದ್ದರೆ ಐಪಿವಿ4ಕ್ಕೆ ಜಾರುತ್ತವೆ. ಹಾಗಾಗಿ ಐಪಿವಿ6 ತಿರುಗದೇ ಉಳಿದರೆ ಪೂರ್ತಿ ಬಿದ್ದಂತೆ ಕಾಣುವುದಿಲ್ಲ, ಎಲ್ಲವೂ ಸ್ವಲ್ಪ ತಡವರಿಸುತ್ತದೆ ಅಷ್ಟೇ. ಮೇಲಿನ ಮೂರೂ ಪರೀಕ್ಷೆಗಳನ್ನು ಐಪಿವಿ6 ವಿಳಾಸ ಹಿಡಿದು ಇನ್ನೊಮ್ಮೆ ಮಾಡಿ.